ಮಾಗಿಯ ಚಳಿ ಮತ್ತು ಎಳೆಯರ ಆಟ

ಹಿಮವಂತನ ಮಗಳಾದ ಪಾರ್ವತಿಯು ಬಾಲ್ಯದಲ್ಲಿ ಎಲ್ಲಿ ಆಡಿದಳು? ಕುಮಾರಸಂಭವದ ಕಥೆಯನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ಈ ಪ್ರಶ್ನೆಯನ್ನು ನಾನು ವಿದ್ಯಾರ್ಥಿಗಳಿಗೆ ಕೇಳುವುದುಂಟು. ಅರಮನೆಯ ಒಳಮನೆಯಲ್ಲಿ, ತೂಗುಮಂಚದ ಮೇಲೆ, ದಾಸಿಯರ ಕಾವಲಿನಲ್ಲಿ ಎಂದು ಉತ್ತರ ಬರುತ್ತದೆ. ಕಾಳಿದಾಸನ ಉತ್ತರ ಬೇರೆ. ಮಂದಾಕಿನಿ ನದಿಯ ಮರಳದಿಣ್ಣೆಗಳ ಮೇಲೆ, ಗೆಳತಿಯರ ನಡುವೆ, ಚೆಂಡು ಬೊಂಬೆಗಳೊಡನೆ ಆಕೆ ಆಡಿದಳೆಂದು ಮೊದಲನೆಯ ಸರ್ಗದಲ್ಲಿ ಅವನು ವರ್ಣಿಸುತ್ತಾನೆ. ಹಿಮಾಲಯದ ಹೊಳೆಯ ದಡವು ಎಷ್ಟು ತಣ್ಣಗಿರುವುದೆಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ. ಪರ್ವತರಾಜನಿಗೆ ಕೊಠಡಿಗಳ ಕೊರತೆಯಿರಲಿಲ್ಲ. ಮಗಳ ಮೇಲಿನ ಮಮತೆಗೂ ಕೊರತೆಯಿರಲಿಲ್ಲ. ಆದರೂ ಮಗುವಿನ ಆಟಕ್ಕೆ ಕವಿಯು ಆರಿಸಿದ್ದು ಬಯಲನ್ನು.

ಪೂಜ್ಯ ಶ್ರೀಗಳವರ ಆಶೀರ್ವಾದದಿಂದ ಹೊರಬರುತ್ತಿರುವ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಕನ್ನಡ ಪಂಡಿತನಾದ ನಾನು ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತು ಬರೆಯುವೆನೆಂದು ಅವರು ನಿರೀಕ್ಷಿಸಿರಬಹುದು. ಆದರೆ ಪ್ರತಿವರ್ಷ ಕಾರ್ತಿಕ ಮಾಸ ಕಳೆದೊಡನೆ ಅಧ್ಯಾಪಕರ ಸಭೆಯಲ್ಲಿ ಒಂದು ಸಲಹೆ ಬರುತ್ತದೆ: ಚಳಿ ಮುಗಿಯುವವರೆಗೆ ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಮಕ್ಕಳಿಗೆ ಬಯಲಿನ ಆಟದ ಅವಧಿ ಬೇಡ; ಆ ವೇಳೆಯಲ್ಲಿ ಮಗ್ಗಿ ಬಾಯಿಪಾಠ ಮಾಡಿಸೋಣ. ಸಲಹೆಯ ಹಿಂದೆ ಇರುವುದು ಅಕ್ಕರೆಯೇ, ಸಂದೇಹವಿಲ್ಲ. ಅನೇಕ ವರ್ಷ ಆ ಸಲಹೆಗೆ ತಲೆದೂಗಿದವರಲ್ಲಿ ನಾನೂ ಒಬ್ಬ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಚಳಿಯಲ್ಲಿ ಎಳೆಯ ಮಕ್ಕಳಿಗೆ ಕೇಡು ಬರುವುದು ಬಯಲಿನಿಂದಲ್ಲ, ಚಲನೆಯಿಲ್ಲದೆ ಕುಳಿತಿರುವುದರಿಂದ ಎಂಬುದೇ ಈ ಲೇಖನದ ಪ್ರತಿಪಾದನೆ.

ನಮ್ಮ ಚಳಿಯ ಸ್ವರೂಪ

ಮೊದಲು ನಮ್ಮ ಸೀಮೆಯ ಚಳಿ ಎಂತಹುದೆಂಬುದನ್ನು ತಿಳಿಯೋಣ. ಇದು ಹಿಮ ಬೀಳುವ ನಾಡಿನ ಚಳಿಯಲ್ಲ. ವಿಜಯಪುರ, ಕಲಬುರಗಿ, ಬೀದರ್ ಮೊದಲಾದ ಕಡೆಗಳಲ್ಲಿ ಮಾರ್ಗಶಿರ, ಪುಷ್ಯ ಮಾಸಗಳ ಕೆಲವು ಬೆಳಗುಗಳಲ್ಲಿ ಉಷ್ಣಾಂಶವು 10 ಡಿಗ್ರಿ ಸೆಲ್ಸಿಯಸ್ಸಿಗಿಂತಲೂ ಕೆಳಗಿಳಿಯುವುದುಂಟು. ಅದೇ ದಿನ ಮಧ್ಯಾಹ್ನಕ್ಕೆ ಅದು 28 ಅಥವಾ 30 ಡಿಗ್ರಿಗೆ ಏರುತ್ತದೆ. ಮೋಡವಿಲ್ಲದ ಒಣ ಆಕಾಶವೇ ಇದಕ್ಕೆ ಕಾರಣ. ಹಗಲಲ್ಲಿ ನೆಲವು ಪಡೆದ ಕಾವನ್ನು ರಾತ್ರಿಯ ನಿರಭ್ರ ಆಕಾಶವು ಹಿಡಿದಿಡದೆ ಬಿಟ್ಟುಕೊಡುತ್ತದೆ. ಬೆಳಗಾದ ಮೇಲೆ ಅದೇ ನಿರಭ್ರ ಆಕಾಶದಿಂದ ಬಿಸಿಲು ತಡೆಯಿಲ್ಲದೆ ಇಳಿಯುತ್ತದೆ. ಹೀಗಾಗಿ ನಮ್ಮಲ್ಲಿ ಚಳಿಯ ದಿನವೆಂಬುದಿಲ್ಲ, ಚಳಿಯ ಜಾವಗಳಿವೆ. ಮುಂಜಾನೆ ಕುಂಚಿಗೆ ಕಟ್ಟಿಕೊಂಡ ಮಗುವೇ ಮಧ್ಯಾಹ್ನ ಅಂಗಿಯ ಗುಂಡಿ ಬಿಚ್ಚುತ್ತದೆ. ಮೂರು ತಾಸಿನ ಚಳಿಗಾಗಿ ಮೂರು ತಿಂಗಳ ಆಟವನ್ನು ನಿಲ್ಲಿಸುವುದು ಯಾವ ಲೆಕ್ಕ?

ನಮ್ಮ ಹಿರಿಯ ಒಕ್ಕಲಿಗರಿಗೆ ಈ ಲೆಕ್ಕ ತಿಳಿದಿತ್ತು. ಎಳ್ಳಮಾವಾಸ್ಯೆಯನ್ನು ನೋಡಿರಿ. ಅದು ಬರುವುದು ಮಾರ್ಗಶಿರದ ಕೊನೆಗೆ, ಚಳಿಯು ಮೈಕೊರೆಯುವ ಕಾಲದಲ್ಲಿ. ಆ ದಿನ ಉತ್ತರ ಕರ್ನಾಟಕದ ರೈತ ಕುಟುಂಬವು ಮನೆಯೊಳಗೆ ಹಬ್ಬ ಮಾಡುವುದಿಲ್ಲ. ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಕಾಳುಪಲ್ಯಗಳನ್ನು ಬುಟ್ಟಿಯಲ್ಲಿ ಕಟ್ಟಿಕೊಂಡು ಮುದುಕರು ಮಕ್ಕಳೆನ್ನದೆ ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಭೂತಾಯಿಗೆ ಚರಗ ಚೆಲ್ಲಿ, ಬನ್ನಿಯ ಮರದ ಬುಡದಲ್ಲಿ ಪೂಜೆ ಮಾಡಿ, ಬಿಸಿಲಲ್ಲಿ ಕುಳಿತು ಉಣ್ಣುತ್ತಾರೆ. ಮಕ್ಕಳು ಬೆಳೆದ ಜೋಳದ ಸಾಲುಗಳ ನಡುವೆ ಓಡಾಡುತ್ತಾರೆ. ಮುಂದೆ ಜೋಳದ ತೆನೆಯಲ್ಲಿ ಹಾಲು ತುಂಬಿದಾಗ ಸೀತನಿ ತಿನ್ನಲು ಮತ್ತೆ ಹೊಲಕ್ಕೇ ಹೋಗಬೇಕು. ಕೆಂಡದ ಮೇಲೆ ಸುಟ್ಟು, ಬಡಿದು, ತೂರಿ ಬಿಸಿಬಿಸಿಯಾಗಿ ತಿಂದರೇ ಸೀತನಿ. ವರ್ಷದಲ್ಲೇ ಅತ್ಯಂತ ಚಳಿಯ ಋತುವಿನಲ್ಲಿ ಸಂಸಾರವನ್ನೆಲ್ಲ ಬಯಲಿಗೆ ಕರೆಯುವ ಈ ಆಚರಣೆಗಳನ್ನು ಕಟ್ಟಿದವರು ಚಳಿಯನ್ನು ಅರಿಯದವರಾಗಿರಲಿಲ್ಲ.

ವೈದ್ಯಗ್ರಂಥಗಳ ನಿಲುವು

ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯವು ಋತುಚರ್ಯೆಯನ್ನು ವಿವರಿಸುತ್ತದೆ. ಹೇಮಂತದಲ್ಲಿ ಹೊರಗಿನ ತಂಪು ದೇಹದ ಕಾವನ್ನು ಒಳಗೇ ತಡೆಯುವುದರಿಂದ ಜಠರಾಗ್ನಿಯು ಪ್ರಬಲವಾಗುತ್ತದೆ. ಅದಕ್ಕೆ ತಕ್ಕ ಆಹಾರ ದೊರೆಯದಿದ್ದರೆ ಅದು ದೇಹದ ರಸವನ್ನೇ ಸುಡುತ್ತದೆಯೆಂಬುದು ಅಲ್ಲಿನ ಅಭಿಪ್ರಾಯ. ಆದುದರಿಂದ ಜಿಡ್ಡುಳ್ಳ ಊಟ, ಎಣ್ಣೆಯ ಅಭ್ಯಂಗ, ಬೆಚ್ಚನೆಯ ಉಡುಪುಗಳನ್ನು ಆ ಗ್ರಂಥವು ವಿಧಿಸುತ್ತದೆ. ಇವುಗಳ ಸಾಲಿನಲ್ಲೇ ಬಿಸಿಲನ್ನೂ ಹೆಸರಿಸಿದೆ. ಬೇಡವೆಂದು ಹೇಳಿರುವುದು ಬಿರುಗಾಳಿಯನ್ನು ಮತ್ತು ಅರೆಹೊಟ್ಟೆಯನ್ನು. ಈ ಭೇದವನ್ನು ಓದುಗರು ಗಮನಿಸಬೇಕು. ಗಾಳಿ ಬೇಡ, ಬಿಸಿಲು ಬೇಕು. ಉಪವಾಸ ಬೇಡ, ಊಟ ಬೇಕು. ನಾವು ‘ಹೊರಗೆ ಬೇಡ’ ಎಂದು ಒಂದೇ ಮಾತಿನಲ್ಲಿ ಗಾಳಿಯನ್ನೂ ಬಿಸಿಲನ್ನೂ ಒಟ್ಟಿಗೆ ಬಾಗಿಲಾಚೆ ತಳ್ಳುತ್ತಿದ್ದೇವೆ.

ವಾಗ್ಭಟನ ಅಷ್ಟಾಂಗಹೃದಯವು ಶೀತಕಾಲದಲ್ಲಿಯೂ ವಸಂತದಲ್ಲಿಯೂ ಬಲವುಳ್ಳವರು ತಮ್ಮ ಶಕ್ತಿಯ ಅರ್ಧದಷ್ಟು ವ್ಯಾಯಾಮ ಮಾಡಬೇಕೆಂದೂ, ಉಳಿದ ಋತುಗಳಲ್ಲಿ ಅದಕ್ಕಿಂತ ಕಡಿಮೆ ಮಾಡಬೇಕೆಂದೂ ಹೇಳುತ್ತದೆ. ಎಂದರೆ ಚಳಿಗಾಲವು ಮೈ ದುಡಿಸಲು ತಕ್ಕ ಕಾಲ. ಇಲ್ಲಿ ಒಂದು ಆಕ್ಷೇಪ ಏಳಬಹುದು. ಅದನ್ನು ಮರೆಮಾಚುವುದು ನ್ಯಾಯವಲ್ಲ. ಅದೇ ಪ್ರಕರಣದಲ್ಲಿ ವಾಗ್ಭಟನು ಬಾಲಕರಿಗೆ ವ್ಯಾಯಾಮವನ್ನು ನಿಷೇಧಿಸಿದ್ದಾನೆ. ಹಾಗಾದರೆ ಎಳೆಯರ ಆಟವೂ ನಿಷಿದ್ಧವೇ? ಅಲ್ಲವೆಂದೇ ನನ್ನ ತಿಳಿವಳಿಕೆ. ವ್ಯಾಯಾಮವೆಂದರೆ ಗರಡಿಯ ಸಾಮು, ದಂಡಬೈಠಕ್ಕುಗಳಂತೆ ಸಂಕಲ್ಪಪೂರ್ವಕವಾಗಿ ದೇಹವನ್ನು ದಣಿಸುವ ಕರ್ಮ. ಆಟವೆಂದರೆ ಮಗುವು ತಾನೇ ತೊಡಗಿ, ದಣಿದಾಗ ತಾನೇ ನಿಲ್ಲಿಸುವ ಕ್ರೀಡೆ. ಎರಡನ್ನೂ ಒಂದೆಂದು ಶಾಸ್ತ್ರಕಾರರು ಭಾವಿಸಿದ್ದರೆ ಅಷ್ಟಾಂಗಸಂಗ್ರಹದಲ್ಲಿ ಶಿಶುಗಳ ಆಟದ ನೆಲವನ್ನು ಕುರಿತ ವಿಧಿ ಇರುತ್ತಿರಲಿಲ್ಲ. ಆ ನೆಲವು ಸಮತಟ್ಟಾಗಿರಬೇಕು; ಅಲ್ಲಿ ಆಯುಧ, ಕಲ್ಲು, ಹರಳುಗಳಿರಬಾರದು ಎಂದು ಅದು ಹೇಳುತ್ತದೆ. ಚರಕನು ಆಟಿಕೆಗಳ ಲಕ್ಷಣವನ್ನೇ ಕೊಟ್ಟಿದ್ದಾನೆ: ಬಗೆಬಗೆಯಾಗಿರಬೇಕು, ಸದ್ದು ಮಾಡಬೇಕು, ಭಾರವಿರಬಾರದು, ಮೊನೆಯಿರಬಾರದು, ಬಾಯೊಳಗೆ ಹೋಗುವಷ್ಟು ಚಿಕ್ಕದಾಗಿರಬಾರದು, ಹೆದರಿಸುವಂತಿರಬಾರದು. ವಾಗ್ಭಟನ ನಿಷೇಧದಿಂದ ನಮ್ಮ ಶಾಲೆಗಳು ಕಲಿಯತಕ್ಕ ಪಾಠವೊಂದುಂಟು. ಚಳಿಯ ಬೆಳಗಿನಲ್ಲಿ ಆರು ವರ್ಷದ ಮಗುವಿಗೆ ಸೀಟಿ ಊದಿ ಕವಾಯತು ಮಾಡಿಸುವುದು ಬೇರೆ, ಅದನ್ನು ಆಡಲು ಬಿಡುವುದು ಬೇರೆ.

ಅರ್ಧಶಕ್ತಿಯನ್ನು ಅಳೆಯುವುದು ಹೇಗೆ? ಸುಶ್ರುತನು ಸುಲಭವಾದ ಗುರುತನ್ನು ಹೇಳಿದ್ದಾನೆ. ಎದೆಯ ವಾಯುವು ಬಾಯಿಗೆ ಬಂದಾಗ, ಎಂದರೆ ಬಾಯಿಂದ ಉಸಿರು ಬಿಡತೊಡಗಿದಾಗ, ಅರ್ಧಶಕ್ತಿ ವ್ಯಯವಾಯಿತೆಂದು ತಿಳಿಯಬೇಕು. ಇಂದಿನ ವೈದ್ಯರೂ ಚಳಿಯಲ್ಲಿ ಮೂಗಿನಿಂದಲೇ ಉಸಿರಾಡಬೇಕೆಂದು ಹೇಳುತ್ತಾರೆ. ಮೂಗು ತಣ್ಣನೆಯ ಗಾಳಿಯನ್ನು ಬೆಚ್ಚಗಾಗಿಸಿ, ತೇವಗೊಳಿಸಿ ಒಳಗೆ ಬಿಡುತ್ತದೆ, ಬಾಯಿ ಆ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಲಾರದು. ಪೂರ್ವಿಕರು ಎಲ್ಲವನ್ನೂ ಹೇಳಿಬಿಟ್ಟಿದ್ದಾರೆಂದು ನಾನು ವಾದಿಸುತ್ತಿಲ್ಲ. ಆದರೆ ಬಯಲಿನಲ್ಲಿ ನಿಂತ ಅಧ್ಯಾಪಕನಿಗೆ ಯಾವ ಉಪಕರಣವೂ ಇಲ್ಲದೆ ಒದಗುವ ಅಳತೆ ಇದು. ಬಾಯ್ದೆರೆದು ಏದುಸಿರು ಬಿಡುವ ಮಗುವನ್ನು ಕರೆದು ಒಂದೆರಡು ನಿಮಿಷ ನಡೆದಾಡಿಸಬೇಕು. ಅನಂತರ ಮತ್ತೆ ಆಟಕ್ಕೆ ಬಿಡಬೇಕು.

ನೆಗಡಿಯ ಭಯ

ಪೋಷಕರ ದೊಡ್ಡ ಭಯವೆಂದರೆ ನೆಗಡಿ ಮತ್ತು ಕೆಮ್ಮು. ಈ ಭಯವನ್ನು ನಮ್ಮ ಭಾಷೆಯೇ ಪೋಷಿಸಿದೆ. ನೆಗಡಿಯಾದವರನ್ನು ಕುರಿತು ‘ಶೀತವಾಗಿದೆ’, ‘ಥಂಡಿಯಾಗಿದೆ’ ಎನ್ನುತ್ತೇವೆ. ರೋಗಕ್ಕೂ ಹವೆಗೂ ಒಂದೇ ಹೆಸರಿಟ್ಟ ಮೇಲೆ ಹವೆಯೇ ರೋಗಕ್ಕೆ ಕಾರಣವೆಂದು ನಂಬುವುದು ಸಹಜ. ವಾಸ್ತವವಾಗಿ ನೆಗಡಿಯನ್ನು ತರುವುದು ವೈರಾಣು. ಇಂಗ್ಲೆಂಡಿನ ಸಾಲ್ಸ್‌ಬರಿಯ ಬಳಿ ನೆಗಡಿಯ ಸಂಶೋಧನೆಗೆಂದೇ 1946ರಲ್ಲಿ ಒಂದು ಕೇಂದ್ರ ಆರಂಭವಾಯಿತು. ಅಲ್ಲಿನ ಆರಂಭದ ಪ್ರಯೋಗಗಳಲ್ಲಿ ಸ್ವಇಚ್ಛೆಯಿಂದ ಬಂದ ಜನರು ಸ್ನಾನ ಮಾಡಿ, ಒದ್ದೆಮೈಯಲ್ಲಿ ಗಾಳಿ ಬೀಸುವ ಓಣಿಯಲ್ಲಿ ನಿಂತರು. ಹಾಗೆ ನಡುಗಿದವರಿಗೆ ಬೆಚ್ಚಗಿದ್ದವರಿಗಿಂತ ಹೆಚ್ಚು ನೆಗಡಿ ಬರಲಿಲ್ಲ. ಮೂಗಿನ ಒಳಭಾಗ ತಂಪಾದಾಗ ವೈರಾಣು ಬೆಳೆಯಲು ಅನುಕೂಲವಾಗುವುದೆಂದು ಅನಂತರದ ಕೆಲವು ಪ್ರಯೋಗಗಳು ಸೂಚಿಸಿವೆಯಾದ್ದರಿಂದ ಚಳಿಯು ಪೂರ್ಣ ನಿರಪರಾಧಿಯೆಂದು ಹೇಳಲಾಗದು. ಆದರೆ ವೈರಾಣುವಿಲ್ಲದೆ ನೆಗಡಿಯಿಲ್ಲ. ಆ ವೈರಾಣು ಒಬ್ಬರಿಂದೊಬ್ಬರಿಗೆ ಹಬ್ಬಲು ಕಿಟಕಿ ಮುಚ್ಚಿದ ಕೊಠಡಿಗಿಂತ ಒಳ್ಳೆಯ ಸ್ಥಳವಿಲ್ಲ. ನಲವತ್ತು ಮಕ್ಕಳನ್ನು ಬೆಚ್ಚಗಿರಲೆಂದು ಒಂದೇ ಕೊಠಡಿಯಲ್ಲಿ ಕೂಡಿಹಾಕಿ, ಅವರಲ್ಲೊಬ್ಬ ಕೆಮ್ಮಿದರೆ, ಆ ಕೆಮ್ಮನ್ನು ಉಳಿದವರೆಲ್ಲರೂ ಹಂಚಿಕೊಳ್ಳುವಂತೆ ನಾವೇ ವ್ಯವಸ್ಥೆ ಮಾಡಿದಂತಾಯಿತು.

ಬಯಲಿನಿಂದ ದೊರೆಯುವ ಲಾಭಗಳೂ ಇವೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಐದು ವರ್ಷದೊಳಗಿನ ಶಿಶುಗಳಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಮೂರು ನಾಲ್ಕು ವರ್ಷದ ಮಗುವು ದಿನಕ್ಕೆ ಕನಿಷ್ಠ 180 ನಿಮಿಷ ಬಗೆಬಗೆಯ ಚಲನೆಯಲ್ಲಿರಬೇಕು, ಅದರಲ್ಲಿ 60 ನಿಮಿಷವಾದರೂ ಮೈ ಬೆಚ್ಚಗಾಗುವಷ್ಟು ಚುರುಕಾದ ಆಟವಿರಬೇಕು ಎಂದು ಹೇಳಿದೆ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವೆಂಬುದು 2020ರ ಸೂಚನೆ. ಚಳಿಗಾಲಕ್ಕೆಂದು ಈ ಅಳತೆಯಲ್ಲಿ ರಿಯಾಯಿತಿ ಕೊಟ್ಟಿಲ್ಲ.

ಕಣ್ಣಿನ ವಿಷಯವೂ ಇದಕ್ಕೆ ಸೇರಿದೆ. ಚೀನಾದ ಗುವಾಂಗ್‌ಝೌ ನಗರದ ಹನ್ನೆರಡು ಶಾಲೆಗಳ ಒಂದನೆಯ ತರಗತಿಯ ಮಕ್ಕಳಲ್ಲಿ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಆರು ಶಾಲೆಗಳಲ್ಲಿ ಪ್ರತಿದಿನ 40 ನಿಮಿಷ ಹೆಚ್ಚಾಗಿ ಹೊರಗೆ ಆಡಿಸಲಾಯಿತು. ಮೂರು ವರ್ಷಗಳ ಬಳಿಕ ಆ ಶಾಲೆಗಳಲ್ಲಿ ದೂರದ್ದು ಮಸುಕಾಗಿ ಕಾಣುವ ದೋಷವು ಹೊಸದಾಗಿ ಬಂದವರು ನೂರಕ್ಕೆ 30.4; ಉಳಿದ ಆರು ಶಾಲೆಗಳಲ್ಲಿ ನೂರಕ್ಕೆ 39.5. ಕರಿಹಲಗೆಯನ್ನು ಕಾಣದೆ ಕಣ್ಣು ಕಿರಿದು ಮಾಡುವ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿರುವುದನ್ನು ಕಂಡ ಅಧ್ಯಾಪಕರಿಗೆ ಈ ಅಂತರದ ಬೆಲೆ ತಿಳಿದೀತು.

ಎಲುಬು ಬಲಿಯಲು ಬೇಕಾದ ವಿಟಮಿನ್ ಡಿ ಕೂಡ ಬಿಸಿಲು ಚರ್ಮಕ್ಕೆ ತಾಗಿದಾಗಲೇ ದೇಹದಲ್ಲಿ ಹುಟ್ಟುತ್ತದೆ. ಗಾಜಿನ ಕಿಟಕಿಯ ಮೂಲಕ ಬಂದ ಬಿಸಿಲಿನಿಂದ ಆ ಪ್ರಯೋಜನವಿಲ್ಲ. ಎಳೆಬಿಸಿಲೇ ಇದಕ್ಕೆ ಶ್ರೇಷ್ಠವೆಂಬ ನಂಬಿಕೆಯೂ ಸರಿಯಲ್ಲ. ಸೂರ್ಯನು ಮೇಲೇರಿದ ಮೇಲೆ, ಹತ್ತು ಗಂಟೆಯ ಅನಂತರದ ಬಿಸಿಲಿಗೇ ಆ ಶಕ್ತಿ ಹೆಚ್ಚು. ಬೇಸಿಗೆಯಲ್ಲಿ ಆ ಹೊತ್ತಿನಲ್ಲಿ ಮಕ್ಕಳನ್ನು ಹೊರಗೆ ಬಿಡಲಾಗದು. ಮಾಗಿಯಲ್ಲಿ ಬಿಡಬಹುದು.

‘ಆಡು’ ಎಂಬ ಧಾತು

ಇಷ್ಟೆಲ್ಲ ಅಂಕಿಅಂಶಗಳಿಗಿಂತ ನನ್ನ ಅಭಿಪ್ರಾಯವನ್ನು ಬದಲಿಸಿದ್ದು ಒಬ್ಬ ಹುಡುಗ. ಕೆಲವು ವರ್ಷಗಳ ಹಿಂದೆ ನಾನು ಉಸ್ತುವಾರಿ ನೋಡುತ್ತಿದ್ದ ಪ್ರಸಾದ ನಿಲಯಕ್ಕೆ ದೂರದ ಹಳ್ಳಿಯಿಂದ ಒಂದನೆಯ ತರಗತಿಯ ಬಾಲಕನೊಬ್ಬ ಬಂದ. ಅವನಿಗೆ ಕೆಮ್ಮಿನ ಕಾಟವಿತ್ತು. ‘ಗುರುಗಳೇ, ಹುಡುಗನ್ನ ಚಳಿಗೆ ಬಿಡಬ್ಯಾಡ್ರಿ’ ಎಂದು ಅವನ ಅಜ್ಜ ನನ್ನ ಕೈಹಿಡಿದು ಹೇಳಿಹೋದ. ನಾನು ಆ ಮಾತನ್ನು ಅಕ್ಷರಶಃ ಪಾಲಿಸಿದೆ. ಉಳಿದ ಹುಡುಗರು ಆಡುವಾಗ ಅವನು ಕಂಬಳಿ ಹೊದ್ದು ಪಡಸಾಲೆಯ ಗೋಡೆಗೆ ಒರಗಿ ಕುಳಿತಿರುತ್ತಿದ್ದ. ನೆಲದ ಮೇಲೆ ಬೆರಳಿನಿಂದ ಏನನ್ನೋ ಗೀಚುತ್ತಿದ್ದ. ಮಕ್ಕಳೆಲ್ಲರಿಗೂ ಬಂದಂತೆ ಅವನಿಗೂ ಎರಡು ಸಲ ನೆಗಡಿ ಬಂತು, ಹೋಯಿತು.

ಶಿವರಾತ್ರಿಗೆ ಚಳಿಯು ‘ಶಿವ ಶಿವ’ ಎಂದು ಓಡಿಹೋಗುವುದೆಂದು ನಮ್ಮ ಕಡೆಯ ಮಾತು. ಶಿವರಾತ್ರಿ ಕಳೆದ ಮರುದಿನ ನಾನು ಅವನಿಗೆ, ‘ಇನ್ನು ಹೋಗಪ್ಪಾ, ಆಡು’ ಎಂದೆ. ಅವನು ಬಯಲಿನ ಅಂಚಿನವರೆಗೆ ಹೋಗಿ ನಿಂತ. ಆ ಮೂರು ತಿಂಗಳಲ್ಲಿ ಹುಡುಗರ ಜೋಡಿಗಳು ಕೂಡಿಬಿಟ್ಟಿದ್ದವು. ಆಟದ ಕಟ್ಟಳೆಗಳೂ ಗುಟ್ಟಿನ ಹೆಸರುಗಳೂ ಹುಟ್ಟಿಕೊಂಡಿದ್ದವು. ಅವನನ್ನು ಯಾರೂ ಬೇಡವೆನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ. ಸ್ವಲ್ಪ ಹೊತ್ತು ನಿಂತು ಅವನು ಪಡಸಾಲೆಗೇ ಹಿಂದಿರುಗಿದ. ತರಗತಿಯಲ್ಲಿ ಅವನು ಬಾಯ್ತೆರೆದು ಪ್ರಶ್ನೆ ಕೇಳಲು ಮುಂದಿನ ದೀಪಾವಳಿಯವರೆಗೆ ಕಾಯಬೇಕಾಯಿತು. ಮೈಯ ಚಳಿಯಿಂದ ಅವನನ್ನು ಕಾಪಾಡಿದೆನೆಂದು ಹೆಮ್ಮೆಪಡುತ್ತಿದ್ದ ನಾನು ಅವನಿಗೆ ಮೈಚಳಿಯನ್ನು ಅಂಟಿಸಿದ್ದೆ.

ಸಂಕೋಚಕ್ಕೆ ‘ಮೈಚಳಿ’ ಎಂದು ಹೆಸರಿಟ್ಟ ನಮ್ಮ ಜನರ ಭಾಷಾಪ್ರಜ್ಞೆಯನ್ನು ಅಂದು ಅರಿತೆ. ಮುದುಡಿ ಕುಳಿತ ದೇಹಕ್ಕೂ ಮುದುಡಿದ ಮನಸ್ಸಿಗೂ ಒಂದೇ ಪದ. ಅದನ್ನು ‘ಬಿಟ್ಟು’ ಮುಂದೆ ಬರಬೇಕು. ‘ಆಡು’ ಎಂಬ ಧಾತುವನ್ನೂ ನೋಡಿರಿ. ಕನ್ನಡದಲ್ಲಿ ಆಟವನ್ನು ಆಡುತ್ತೇವೆ, ಮಾತನ್ನೂ ಆಡುತ್ತೇವೆ. ನಡೆದಾಡುತ್ತೇವೆ, ಓಡಾಡುತ್ತೇವೆ, ಒಡನಾಡುತ್ತೇವೆ. ಕಡೆಗೆ ಉಸಿರನ್ನೂ ಆಡುತ್ತೇವೆ. ಚಲನೆ, ನುಡಿ, ಸ್ನೇಹ, ಪ್ರಾಣ ಈ ನಾಲ್ಕನ್ನೂ ಒಂದೇ ಧಾತುವಿನಿಂದ ಹೇಳುವ ಭಾಷೆ ನಮ್ಮದು. ಆಟವನ್ನು ಕಿತ್ತುಕೊಂಡರೆ ಒಡನಾಟವೂ ಮಾತಾಟವೂ ಜೊತೆಯಲ್ಲೇ ಹೋಗುತ್ತವೆಂಬುದನ್ನು ಆ ಹುಡುಗನು ನನಗೆ ಕಲಿಸಿದ. ವ್ಯಾಕರಣದಲ್ಲಿ ನಾನು ಅದನ್ನು ಮೂವತ್ತು ವರ್ಷ ಪಾಠ ಹೇಳಿದ್ದೆ.

ಆಡಿಸುವ ಕ್ರಮ

ಹಾಗೆಂದು ಮಕ್ಕಳನ್ನು ಹೇಗೆಂದರೆ ಹಾಗೆ ಚಳಿಗೆ ಬಿಡಬೇಕೆಂದು ನಾನು ಹೇಳುವುದಿಲ್ಲ. ಚಿಕ್ಕ ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು. ಆದುದರಿಂದ ಅದರ ಮೈಯ ಕಾವು ಬೇಗ ಇಳಿಯುತ್ತದೆ. ಈ ಕೆಳಗಿನ ವಿಷಯಗಳನ್ನು ಅಧ್ಯಾಪಕರು ಗಮನಿಸುವುದು ಒಳ್ಳೆಯದು.

ಮೊದಲನೆಯದು ವೇಳೆ. ಶನಿವಾರದ ಬೆಳಗಿನ ಶಾಲೆಯಲ್ಲಿ ಎಂಟು ಗಂಟೆಗೆ ಎಳೆಯರನ್ನು ಸಾಲಾಗಿ ನಿಲ್ಲಿಸಿ ಪ್ರಾರ್ಥನೆ, ವಾರ್ತಾವಾಚನ, ಸುಭಾಷಿತ, ಸೂಚನೆಗಳನ್ನು ಮುಗಿಸುವಷ್ಟರಲ್ಲಿ ಇಪ್ಪತ್ತು ನಿಮಿಷವಾಗುತ್ತದೆ. ದಿನದ ಅತ್ಯಂತ ತಣ್ಣನೆಯ ಹೊತ್ತಿನಲ್ಲಿ, ತಣ್ಣನೆಯ ನೆಲದ ಮೇಲೆ ಅಲುಗಾಡದೆ ನಿಲ್ಲುವುದು ಆಗಲೇ. ಚಳಿಯ ಭಯದಿಂದ ಆಟವನ್ನು ನಿಲ್ಲಿಸುವ ನಾವು ಈ ನಿಲುಗಡೆಯನ್ನು ಒಮ್ಮೆಯೂ ಪ್ರಶ್ನಿಸಿಲ್ಲ. ಮಾಗಿಯಲ್ಲಿ ಮಕ್ಕಳು ಮೊದಲು ಐದು ನಿಮಿಷ ಬಯಲನ್ನು ಸುತ್ತಿ ಬರಲಿ. ಪ್ರಾರ್ಥನೆಯನ್ನು ಬಿಸಿಲು ಬಿದ್ದ ಕಡೆ ಮಾಡೋಣ. ಸೂಚನೆಗಳನ್ನು ತರಗತಿಯಲ್ಲಿ ಹೇಳೋಣ. ಆಟದ ಅವಧಿಯನ್ನು ರದ್ದುಗೊಳಿಸದೆ ಹತ್ತೂವರೆಯ ಅನಂತರಕ್ಕೆ ಸರಿಸೋಣ.

ಎರಡನೆಯದು ಆಟದ ಆಯ್ಕೆ. ಎಲ್ಲ ಆಟಗಳೂ ಎಲ್ಲ ಕಾಲಕ್ಕೂ ಸಲ್ಲವು. ಖೋ ಖೋ ನಮ್ಮ ಹೆಮ್ಮೆಯ ಆಟ; ಆದರೆ ಅದರಲ್ಲಿ ಬೆನ್ನಟ್ಟುವ ತಂಡದ ಒಂಬತ್ತು ಜನರಲ್ಲಿ ಎಂಟು ಜನ ಕುಕ್ಕರುಗಾಲಿನಲ್ಲಿ ಕುಳಿತಿರಬೇಕು. ಹುಡುತುತುವಿನಲ್ಲಿ ಔಟಾದವನು ಹೊರಗೆ ಕೂರಬೇಕು. ಚಿಣಿಫಣಿಯಲ್ಲಿ ಒಬ್ಬ ಹೊಡೆಯುವಾಗ ಉಳಿದವರು ಕಾದು ನಿಲ್ಲುತ್ತಾರೆ. ಇವು ಮಧ್ಯಾಹ್ನದ ಬಿಸಿಲಿಗೆ ಇರಲಿ. ಬೆಳಗಿನ ಹೊತ್ತು ಯಾರೂ ಹೊರಗುಳಿಯದ ಆಟಗಳು ಬೇಕು. ಮುಟ್ಟಾಟದಲ್ಲಿ ಸಿಕ್ಕವನು ಕೂರುವುದಿಲ್ಲ, ತಾನೇ ಬೆನ್ನಟ್ಟುತ್ತಾನೆ. ಕೈಕೈ ಹಿಡಿದು ಹಿಡಿಯುವ ಸರಪಳಿ ಆಟದಲ್ಲಿ ಸಿಕ್ಕವನು ಸರಪಳಿಗೆ ಸೇರಿ ಇನ್ನೂ ಹೆಚ್ಚು ಓಡುತ್ತಾನೆ. ಲಗೋರಿಯಲ್ಲಿ ಬಿಲ್ಲೆಗಳು ಬಿದ್ದೊಡನೆ ಎರಡು ತಂಡಗಳೂ ಚದುರುತ್ತವೆ. ಕುಂಟಾಟ ಚಿಕ್ಕ ಜಾಗದಲ್ಲೇ ಮೈಯನ್ನು ಬೆಚ್ಚಗಾಗಿಸುತ್ತದೆ. ದುರ್ಬಲ ಮಗುವೇ ಮೊದಲು ಔಟಾಗುವುದು. ಔಟಾದವನನ್ನು ಕೂರಿಸುವ ಆಟದಲ್ಲಿ ಆಟ ಯಾರಿಗೆ ಹೆಚ್ಚು ಬೇಕೋ ಅವನಿಗೇ ಕಡಿಮೆ ದೊರೆಯುತ್ತದೆ.

ಮೂರನೆಯದು ಉಡುಪು. ಒಂದು ದಪ್ಪನೆಯ ಉಡುಪಿಗಿಂತ ಎರಡು ತೆಳುವಾದವು ಲೇಸು. ಅವುಗಳ ನಡುವಿನ ಗಾಳಿಯೇ ಕಾವನ್ನು ಹಿಡಿಯುತ್ತದೆ, ಬೇಕಾದಾಗ ಒಂದನ್ನು ಕಳಚಬಹುದು. ಓಡುವ ಮಗುವಿನ ಸ್ವೆಟರನ್ನು ಬಿಚ್ಚಿಸಬೇಕು, ನಿಂತೊಡನೆ ತೊಡಿಸಬೇಕು. ಬೆವರಿನಿಂದ ಒದ್ದೆಯಾದ ಒಳ ಅಂಗಿಯು ಚಳಿಗಿಂತ ಕೆಟ್ಟದ್ದು. ಕಿವಿ, ತಲೆ, ಅಂಗಾಲುಗಳಿಗೆ ಮುಚ್ಚಿಗೆಯಿರಲಿ. ಒಡೆದ ತುಟಿ, ಹಿಮ್ಮಡಿಗಳಿಗೆ ರಾತ್ರಿ ಎಣ್ಣೆ ಹಚ್ಚಲಿ. ಚಳಿಯಲ್ಲಿ ಮಕ್ಕಳು ನೀರು ಕುಡಿಯಲು ಮರೆಯುತ್ತಾರೆ. ಆಟದ ಬಳಿಕ ನೆನಪಿಸಿ ಕುಡಿಸಬೇಕು. ಹಸಿದ ಮಗು ಬೇಗ ನಡುಗುತ್ತದೆ. ಒಂದು ಎಳ್ಳುಂಡೆ, ಒಂದು ಹಿಡಿ ಶೇಂಗಾ ಮತ್ತು ಬೆಲ್ಲ ಕೈಯಲ್ಲಿಟ್ಟು ಬಯಲಿಗೆ ಕಳುಹಿಸುವುದು ಉತ್ತಮ.

ನಾಲ್ಕನೆಯದು ಎಚ್ಚರ. ಉಬ್ಬಸವುಳ್ಳ ಮಗುವಿಗೆ ತಣ್ಣನೆಯ ಒಣಗಾಳಿಯಲ್ಲಿ ಓಡಿದಾಗ ಎದೆ ಬಿಗಿಯಬಹುದು. ಅಂತಹವರ ವಿಷಯದಲ್ಲಿ ವೈದ್ಯರ ಸಲಹೆ ಪಡೆಯಬೇಕು, ಔಷಧವು ಕೈಗೆಟಕುವಂತಿರಬೇಕು, ಬಿಸಿಲೇರಿದ ಮೇಲೆ ನಿಧಾನವಾಗಿ ಆಟಕ್ಕೆ ತರಬೇಕು. ಜ್ವರವಿರುವ ಮಗು ಮಲಗಿರಲಿ. ತುಟಿ ನೀಲಿಯಾದರೆ, ಮೈ ಬಿಡದೆ ನಡುಗಿದರೆ ತಕ್ಷಣ ಒಳಗೆ ಕರೆತಂದು ಬೆಚ್ಚಗೆ ಹೊದಿಸಬೇಕು. ಗಲಗಲನೆ ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಂಕಾದರೆ ಅದೂ ಎಚ್ಚರಿಕೆಯೇ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮಕ್ಕಳನ್ನು ಬೆಚ್ಚಗಿಡಲೆಂದು ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಕೆಂಡವನ್ನು ಎಂದಿಗೂ ಇಡಬಾರದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಪ್ರಾಣ ಬಿಡುತ್ತಾರೆ. ಬಯಲಿನ ಚಳಿಗಿಂತ ಒಳಗಿನ ಆ ಬೆಚ್ಚನೆಯು ಸಾವಿರ ಪಾಲು ಘೋರ.

ಬಿಸಿಲಿನ ನೆಲ

ಕಡೆಯದಾಗಿ ದಾನಿಗಳ ಸನ್ನಿಧಿಯಲ್ಲಿ ಒಂದು ಅರಿಕೆ. ನಮ್ಮ ಶಾಲೆಯ ಕೊಠಡಿಗಳ ಗೋಡೆಗಳ ಮೇಲಿನ ಅಮೃತಶಿಲೆಯ ಫಲಕಗಳು ತಮ್ಮೆಲ್ಲರ ಔದಾರ್ಯವನ್ನು ಸಾರುತ್ತಿವೆ. ಮಕ್ಕಳ ಸಂಖ್ಯೆ ಬೆಳೆದಂತೆ ಇನ್ನೂ ಕೊಠಡಿಗಳು ಬೇಕಾಗುವುದು ಸಹಜ. ಅವನ್ನು ಎಲ್ಲಿ ಕಟ್ಟಬೇಕೆಂಬುದೇ ಪ್ರಶ್ನೆ.

ಚಳಿಗಾಲದಲ್ಲಿ ಸೂರ್ಯನು ದಕ್ಷಿಣದ ಆಕಾಶದಲ್ಲಿ ಬಾಗಿ ಸಾಗುತ್ತಾನೆ. ನಮ್ಮ ಸೀಮೆಯಲ್ಲಿ ಡಿಸೆಂಬರ್ ಕೊನೆಗೆ ನಡುಹಗಲಲ್ಲಿಯೂ ಅವನ ಎತ್ತರ ಸುಮಾರು 50 ಡಿಗ್ರಿ ಮಾತ್ರ. ಬೆಳಗಿನ ಒಂಬತ್ತೂವರೆಗೆ ಅದು ಸುಮಾರು 30 ಡಿಗ್ರಿ. ಎಂಟೂವರೆಗೆ 20 ಡಿಗ್ರಿಗೂ ಕಡಿಮೆ. ಎರಡು ಅಂತಸ್ತಿನ, 7 ಮೀಟರ್ ಎತ್ತರದ ಕಟ್ಟಡದ ನೆರಳು ಎಂಟೂವರೆಗೆ ಸುಮಾರು 20 ಮೀಟರ್ ಚಾಚುತ್ತದೆ, ಒಂಬತ್ತೂವರೆಗೆ ಸುಮಾರು 12 ಮೀಟರ್. ಆ ನೆರಳು ಬೀಳುವುದು ಕಟ್ಟಡದ ಪಶ್ಚಿಮಕ್ಕೂ ವಾಯವ್ಯಕ್ಕೂ. ಕಳೆದ ಪುಷ್ಯದಲ್ಲಿ ನಾಲ್ಕನೆಯ ತರಗತಿಯ ಮಕ್ಕಳೊಡನೆ ಒಂದು ಹಗ್ಗ ಹಿಡಿದು ನಮ್ಮ ಬಯಲಿನ ನೆರಳನ್ನು ಅಳೆದೆವು. ಪೂರ್ವದ ಕಡೆ ಹೊಸ ಕಟ್ಟಡ ಎದ್ದ ಮೇಲೆ ಚಿಕ್ಕವರು ಆಡುವ ನೆಲಕ್ಕೆ ಎಳೆಯ ಬಿಸಿಲು ತಲುಪುತ್ತಿಲ್ಲ. ನೆರಳಿನ ಗೆರೆಯ ಈಚೆ ಕಾಲಿಟ್ಟ ಒಬ್ಬ ಹುಡುಗಿ, ‘ಇಲ್ಲಿ ನೆಲ ಇನ್ನೂ ಎದ್ದಿಲ್ಲ ನೋಡ್ರಿ’ ಎಂದಳು. ಆಗಿಹೋದ ಕಟ್ಟಡವನ್ನು ಕುರಿತು ನಾನು ಯಾರನ್ನೂ ದೂರುತ್ತಿಲ್ಲ. ಅಂದು ನೆರಳನ್ನು ಅಳೆಯಬೇಕೆಂದು ನನಗೂ ತೋಚಿರಲಿಲ್ಲ.

ಉಳಿದಿರುವುದು ದಕ್ಷಿಣದ ತುಂಡು ನೆಲ. ಅದಕ್ಕೆ ದಿನವೆಲ್ಲ ಬಿಸಿಲುಂಟು. ಉತ್ತರದ ಕುಳಿರ್ಗಾಳಿಯನ್ನು ಹಳೆಯ ಕಟ್ಟಡವೇ ತಡೆಯುತ್ತದೆ. ಬಿಸಿಲು ಬೇಕು, ಗಾಳಿ ಬೇಡ ಎಂಬ ಚರಕನ ಮಾತಿಗೆ ಒಪ್ಪುವ ನೆಲ ಅದೊಂದೇ. ಮುಂದಿನ ಕೊಠಡಿಗಳ ನಕ್ಷೆಯಲ್ಲಿ ಆ ನೆಲವನ್ನು ಬಿಟ್ಟುಕೊಡಬೇಕೆಂದು ಆಡಳಿತ ಮಂಡಳಿಯವರಲ್ಲಿ ಪ್ರಾರ್ಥಿಸುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೂ ಶಾಲೆಗೆ ಆಟದ ಬಯಲಿರಬೇಕೆಂದು ವಿಧಿಸಿದೆ. ಅದು ಬಿಸಿಲಿನ ಬಯಲಾಗಿರಲೆಂಬುದಷ್ಟೇ ನನ್ನ ಸೇರ್ಪಡೆ. ದಾನಿಗಳು ಆ ನೆಲದ ಕಲ್ಲು ಹರಳುಗಳನ್ನು ಆರಿಸಿ, ಸಮ ಮಾಡಿಸಿ, ಕೆಮ್ಮಣ್ಣು ಹಾಕಿಸಿಕೊಟ್ಟರೆ, ಪ್ರಸಾದ ನಿಲಯದ ಮಕ್ಕಳಿಗೆ ಒಂದೊಂದು ಸ್ವೆಟರನ್ನೂ ಟೋಪಿಯನ್ನೂ ಕೊಡಿಸಿದರೆ, ಅದು ಕೊಠಡಿಗಿಂತ ಕಡಿಮೆಯ ದಾಸೋಹವಲ್ಲ. ಬಯಲಿನ ಮೇಲೆ ಫಲಕವನ್ನು ನೆಡಲಾಗದೆಂಬುದು ನಿಜ.

ದೇಹವನ್ನೇ ದೇಗುಲವಾಗಿ ಕಂಡವರು ನಮ್ಮ ಶರಣರು. ಕಾಯವನ್ನು ಹಳಿಯದೆ ಕಾಯಕವನ್ನು ಎತ್ತಿಹಿಡಿದವರು. ಕಾಳಿದಾಸನ ಕಾವ್ಯದಲ್ಲಿಯೂ, ಪುಷ್ಯಮಾಸದ ಕೊರೆಯುವ ರಾತ್ರಿಗಳನ್ನು ನೀರಿನಲ್ಲಿ ನಿಂತು ಕಳೆದ ಪಾರ್ವತಿಯನ್ನು ಕಾಣಲು ಬಂದ ವೇಷಧಾರಿ ಶಿವನು ಆಕೆಯ ತಪಸ್ಸು ದೇಹಶಕ್ತಿಗೆ ತಕ್ಕಂತಿದೆಯೇ ಎಂದೂ ವಿಚಾರಿಸುತ್ತಾನೆ. ಅಷ್ಟು ಕಠಿಣವಾದ ಚಳಿಯನ್ನು ಸಹಿಸಿದ ಆ ದೇಹವು ಒಮ್ಮೆ ಮಂದಾಕಿನಿಯ ಮರಳಿನ ಮೇಲೆ ಚೆಂಡಾಡಿದ ದೇಹವೇ ಆಗಿತ್ತೆಂಬುದನ್ನು ಮರೆಯದಿರೋಣ. ನಮ್ಮ ಮಕ್ಕಳ ಶಕ್ತಿಯನ್ನು ನಾವು ಅಳೆಯೋಣ, ಅದಕ್ಕೆ ತಕ್ಕಂತೆ ಆಡಿಸೋಣ. ಈ ವರ್ಷ ಕಾರ್ತಿಕ ಕಳೆದ ಮೇಲೆ ಸೇರುವ ಅಧ್ಯಾಪಕರ ಸಭೆಯಲ್ಲಿ ಆ ಹಳೆಯ ಸಲಹೆ ಮತ್ತೆ ಬಂದರೆ, ತಲೆದೂಗುವ ಮೊದಲು ಒಮ್ಮೆ ಪಡಸಾಲೆಯ ಗೋಡೆಯ ಕಡೆಗೆ ನೋಡಬೇಕೆಂದು ನನ್ನ ಸಹೋದ್ಯೋಗಿ ಬಂಧುಗಳಲ್ಲಿ ಕೇಳಿಕೊಳ್ಳುತ್ತೇನೆ. ಅಲ್ಲಿ ಯಾರೂ ಕುಳಿತಿರದಿರಲಿ.